ನೂರಕ್ಕೆ ನೂರ ಅರವತ್ತು

ನಮ್ಮ ಹೆಬ್ಬಗೋಡಿಯಲ್ಲಿ ನೇಪಾಳದ ಕಾವಲುಗಾರರನ್ನೆಲ್ಲ ಬಹದ್ದೂರ್ ಅಂತಲೇ ಕರೆಯುತ್ತಾರೆ. ನನ್ನ ಮಹಡಿಯ ಬಾಡಿಗೆ ಕೋಣೆಯಲ್ಲಿ ಹನ್ನೆರಡು ವರ್ಷದಿಂದ ಇರುವವನ ಹೆಸರು ಹಸ್ತ ರೋಕಾಯ. ಎದುರಿನ ಅಪಾರ್ಟ್‌ಮೆಂಟಿನ ಗೇಟು ಕಾಯುತ್ತಾನೆ. ಹೆಂಡತಿ ವಿಷ್ಣಾ, ಮಗಳು ಮನ್ಸರಾ ಇಬ್ಬರೂ ಊರಲ್ಲಿ, ನೇಪಾಳದ ಪಡುವಣ ಬೆಟ್ಟದ ಮೇಲೆ.

ಅವರ ದೇಶದಲ್ಲೂ ದುಡ್ಡಿಗೆ ರೂಪಾಯಿ ಅಂತಲೇ ಹೆಸರು. ನಮ್ಮ ನೂರು ಕೊಟ್ಟರೆ ಅವರದು ನೂರ ಅರವತ್ತು. ಡಾಲರಿನ ಹಾಗೆ ದಿನಾ ಏರಿ ಇಳಿಯುವುದಿಲ್ಲ. ಅವರ ಸರ್ಕಾರ ಗೂಟ ಹೊಡೆದು ಕಟ್ಟಿದ ಲೆಕ್ಕ. ಒಂದು ದಿನ ಕೇಳಿದೆ:

"ಯಾವಾಗ್ಲೂ ಅಷ್ಟೇನೇನಪ್ಪಾ?"

"ಇಲ್ಲಮ್ಮ. ನಮ್ಮಪ್ಪನ ಕಾಲದಲ್ಲಿ ಗೂಟ ಕಿತ್ತಿದ್ರು."

ಅವನ ಅಪ್ಪ ಈ ಕಡೆ ಬಂದು ರಸ್ತೆ ಕೆಲಸ ಮಾಡಿ ನಾನೂರು ರೂಪಾಯಿ ಕೂಡಿಹಾಕಿದ್ದನಂತೆ. ಅರವತ್ತಾರನೇ ಇಸವಿಯಲ್ಲಿ ದಿಲ್ಲಿಯವರು ನಮ್ಮ ರೂಪಾಯಿಯ ಬೆಲೆ ಇಳಿಸಿದರು. ಅಲ್ಲಿ ನೂರಕ್ಕೆ ನೂರ ಅರವತ್ತು ಸಿಗುತ್ತಿದ್ದದ್ದು ನೂರ ಒಂದಕ್ಕೆ ಬಂತು. ಇನ್ನೂ ಬೀಳುತ್ತದೆಂದು ಹೆದರಿ ಅಪ್ಪ ಅಷ್ಟನ್ನೂ ಬದಲಾಯಿಸಿಬಿಟ್ಟ. ಮರುವರ್ಷ ಅವರ ಸರ್ಕಾರವೂ ತನ್ನ ದುಡ್ಡು ಇಳಿಸಿತು. ನಮ್ಮ ನೂರಕ್ಕೆ ನೂರ ಮೂವತ್ತೈದಾಯಿತು. ಕಾದಿದ್ದವರಿಗೆ ಹೋದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ತಿರುಗಿ ಬಂತು. ಅಪ್ಪನಿಗೆ ಬರಲಿಲ್ಲ. ಹೆದರಿ ಬದಲಾಯಿಸಬೇಡ, ಕಾದು ಬದಲಾಯಿಸು ಎಂದು ಸಾಯುವವರೆಗೂ ಮಗನಿಗೆ ಹೇಳಿದನಂತೆ.

ಮನ್ಸರಾಳಿಗೆ ನರ್ಸಿಂಗ್ ಕಲಿಯಲು ಸೀಟು ಸಿಕ್ಕಿತ್ತು. ಸಂಕ್ರಾಂತಿಯೊಳಗೆ ಅವರ ದುಡ್ಡಿನಲ್ಲಿ ಮೂವತ್ತೈದು ಸಾವಿರ ಕಟ್ಟಬೇಕು. ಎರಡು ಸಾವಿರದ ಹದಿನಾರರ ದಸರೆಗೆ ಹಸ್ತ ಊರಿಗೆ ಹೋಗಿ, ನಮ್ಮ ಐನೂರರ ನಲವತ್ತಾರು ನೋಟು ವಿಷ್ಣಾಳ ಕೈಗಿಟ್ಟ. ಇಪ್ಪತ್ತೈದು ಸಾವಿರದವರೆಗೆ ಇಂಥ ನೋಟು ಒಯ್ಯಬಹುದೆಂದು ಹಿಂದಿನ ವರ್ಷವಷ್ಟೇ ಅಪ್ಪಣೆಯಾಗಿತ್ತು. ಕಟ್ಟುವ ದಿನವೇ ಬದಲಾಯಿಸು, ಅಲ್ಲಿಯವರೆಗೆ ಮುಟ್ಟಬೇಡ ಎಂದು ಹೇಳಿ, ದೀಪಾವಳಿ ಮುಗಿಸಿಕೊಂಡು ಬಂದ.

ಅವನು ಬಂದು ಒಂದು ವಾರವೂ ಆಗಿರಲಿಲ್ಲ, ಐನೂರರ, ಸಾವಿರದ ನೋಟುಗಳು ರದ್ದಾದವು.

ನಮಗಾದರೆ ಬ್ಯಾಂಕಿನ ಮುಂದೆ ಬಿಸಿಲಲ್ಲಿ ನಿಂತರೆ ಬದಲಾಗುತ್ತಿತ್ತು. ಗಡಿಯಾಚೆ ಯಾವ ಬ್ಯಾಂಕೂ ಅವನ್ನು ಮುಟ್ಟಲಿಲ್ಲ. ಹಸ್ತ ನನ್ನ ಜಗಲಿಯ ಮೇಲೆ ಕೂತು ವಿಷ್ಣಾಳಿಗೆ ಫೋನು ಮಾಡಿದ. ಅಲ್ಲಿನ ಪೇಟೆಯ ಸಾಹುಕಾರನೊಬ್ಬ ನೋಟಿಗೆ ಅವರ ನಾನೂರು ಕೊಡುತ್ತೇನೆ ಅಂದಿದ್ದ. ಬರಬೇಕಾದ್ದು ಎಂಟುನೂರು.

"ಏನಂತಾಳೋ?" ಅಂದೆ.

"ಕೊಟ್ಬಿಡ್ಲಾ ಅಂತಾಳಮ್ಮ. ಬೇಡ ಅಂದೆ. ಎರಡು ಸರ್ಕಾರ ಮಾತಾಡ್ತಾ ಇದಾವಂತೆ. ಈ ಸಾಹುಕಾರ್ರು ಹೆದರ್ಸಿ ಕಿತ್ಕೊಳ್ಳೋ ಜನ. ನಮ್ಮಪ್ಪ ಹಂಗೇ ಕೆಟ್ಟ."

ಹದಿನೈದು ದಿನ ಕಳೆದ ಮೇಲೆ ವಿಷ್ಣಾ ತಾನೇ ಸಾಹುಕಾರನ ಅಂಗಡಿಗೆ ಹೋದಳು. ಅವನು ನಕ್ಕು, ಚಳಿ ಜಾಸ್ತಿಯಾಗಿದೆ, ಒಲೆಗೆ ಹಾಕಿಕೋ ಅಂದನಂತೆ.

ಇಲ್ಲಿಗೆ ತಂದರೆ ನನ್ನ ಖಾತೆಗೆ ಹಾಕುತ್ತೇನೆ ಎಂದೆ. ತರಲು ಹಸ್ತನೇ ಹೋಗಬೇಕು. ಹೋಗಿ ಬರಲು ಹತ್ತು ದಿನ. ಬ್ಯಾಂಕಿನಲ್ಲಿ ಡಿಸೆಂಬರ್ ಮೂವತ್ತು ಕೊನೆ. ಸೆಕ್ಯುರಿಟಿ ಏಜೆನ್ಸಿಯ ಸೂಪರ್‌ವೈಸರ್ ಚನಬಸಪ್ಪನ ಹತ್ತಿರ ರಜ ಕೇಳಲು ನಾನೂ ಜೊತೆಗೆ ಹೋದೆ. ಅವನು ರಾಯಚೂರಿನ ಕಡೆಯವನು.

"ಈಗರ ಹೋಗಿ ಬಂದಾನಲ್ಲಬೇ! ಹೋಗ್ಲಿ, ನಾ ಏನು ಕಟ್ಟಿ ಹಾಕೀನೇನು? ಬರೂದ್ರಾಗ ಗೇಟಿನ್ಯಾಗ ಬ್ಯಾರೆಯವ ನಿಂತಿರ್ತಾನ."

"ಅವನ ಮಗಳ ಓದು ಕಣಪ್ಪ."

"ನನಗೂ ಮಗಳದಾಳಬೇ. ನೋಟು ಬಂದಾದಾಗಿಂದ ನನಗೂ ಪಗಾರಿಲ್ಲ." ಆಮೇಲೆ ಹಸ್ತನ ಕಡೆ ತಿರುಗಿ ದನಿ ಇಳಿಸಿದ. "ಲೇ ಬಹದ್ದೂರ, ಆ ನೋಟು ಹಿಡ್ಕೊಂಡು ಗಡಿ ದಾಟೂವಾಗ ಸಿಕ್ರ ಒಳಗ ಹಾಕ್ತಾರಂತ. ತಿಳೀತಿಲ್ಲೋ?"

ಹಸ್ತ ತಲೆಯಾಡಿಸಿದ. ಊರಿಗೆ ಹೋಗುವುದನ್ನು ಬಿಟ್ಟ.

ನನ್ನ ದುಡ್ಡಾದರೂ ಕೊಡೋಣವೆಂದರೆ ಬ್ಯಾಂಕಿನವರು ದಿನಕ್ಕೆ ಎರಡು ಸಾವಿರ ಕೊಡುತ್ತಿದ್ದರು, ಅದೂ ಇದ್ದ ದಿನ. ಕೂಲಿಯಿಲ್ಲದೆ ನನ್ನ ಬಾಡಿಗೆದಾರರು ಯಾರೂ ಬಾಡಿಗೆ ಕೊಟ್ಟಿರಲಿಲ್ಲ. ಹೇಗೋ ಹೊಂದಿಸಿ ಆರು ಸಾವಿರ ಕೊಟ್ಟೆ. ಹಣ ಕಳಿಸುವ ಅಂಗಡಿಯಿಂದ ಹೋಗಿ ಅದು ಅಲ್ಲಿ ಒಂಬತ್ತು ಸಾವಿರದ ಆರುನೂರಾಯಿತು. ಕಾಲೇಜಿನವರು ಪೂರ್ತಿ ಕಟ್ಟದಿದ್ದರೆ ತೆಗೆದುಕೊಳ್ಳುವುದಿಲ್ಲ ಎಂದರು.

ಡಿಸೆಂಬರ್ ಮೂವತ್ತು ಕಳೆಯಿತು. ಸಂಕ್ರಾಂತಿಯ ದಿನ ಮನ್ಸರಾ ಫೋನು ಮಾಡಿದಳು. ಹಸ್ತ ಏನೋ ಹೇಳಿ ಫೋನಿಟ್ಟ.

"ಏನಂದ್ಲು?"

"ರೇಟು ಇಳೀತಾ ಅಂತ ಕೇಳಿದ್ಲು. ಇಲ್ಲಮ್ಮ, ಅಷ್ಟೇ ಇದೆ ಅಂದೆ. ಅದು ಸುಳ್ಳಲ್ಲವಲ್ಲ?"

ಸುಳ್ಳಲ್ಲ. ಅಂಗಡಿಯ ಬೋರ್ಡಿನಲ್ಲೂ ಅಷ್ಟೇ ಬರೆದಿತ್ತು. ಎಳ್ಳು ಬೆಲ್ಲ ಕೊಟ್ಟೆ. ಕೈಯಲ್ಲೇ ಹಿಡಿದು ಕೂತ.

ಸೀಟು ಬೇರೆ ಹುಡುಗಿಗೆ ಹೋಯಿತು. ಯುಗಾದಿ ಕಳೆದ ಮೇಲೆ ಮನ್ಸರಾ ಊರಿನವರ ಜೊತೆ ಇಲ್ಲಿಗೇ ಬಂದಳು. ಎದುರಿನ ಅಪಾರ್ಟ್‌ಮೆಂಟಿನಲ್ಲಿ ಗುಡಿಸುವ, ಒರೆಸುವ ಕೆಲಸ ಸಿಕ್ಕಿತು. ಕೆಲಸದವರು ಮನೆಗೆ ಹೊರಟಾಗ ಗೇಟಿನವನು ಅವರ ಚೀಲ ಬಿಚ್ಚಿ ನೋಡಬೇಕು. ಅದು ಅಲ್ಲಿನ ಕಟ್ಟಳೆ, ಮೇಲೆ ಕ್ಯಾಮೆರಾ ಇದೆ. ಸಂಜೆ ಜಗಲಿಯಲ್ಲಿ ಕೂತರೆ ನನಗೆ ಕಾಣುತ್ತದೆ. ಅವಳು ಸಾಲಿನಲ್ಲಿ ನಿಂತು ಚೀಲ ಚಾಚುತ್ತಾಳೆ. ಹಸ್ತ ಊಟದ ಡಬ್ಬಿ ತೆಗೆದು ನೋಡಿ, ತಿರುಗಿ ಇಟ್ಟು, ಹೋಗು ಎಂದು ಕೈ ಮಾಡುತ್ತಾನೆ.