ಮೀಟರಿನ ಮುಳ್ಳು, ಆಪರೇಟರನ ಕಿವಿ

ತೊಂಬತ್ತೆಂಟರ ಬೇಸಿಗೆ ಮುಗಿಯುವ ಹೊತ್ತಿಗೆ ನಾನು ದಾವಣಗೆರೆಯ ನೀರು ಸರಬರಾಜು ಕಚೇರಿಗೆ ಕಿರಿಯ ಎಂಜಿನಿಯರಾಗಿ ಸೇರಿದೆ. ಪಂಪುಗಳ ವಿದ್ಯುತ್ ಕೆಲಸ, ಮೀಟರುಗಳ ದುರಸ್ತಿ ನನ್ನ ಪಾಲಿಗೆ ಬಂದವು. ದಿನಚರಿ ಬರೆಯುವ ಚಟ ಕಾಲೇಜಿನಿಂದಲೇ ಇತ್ತು. ಮೊದಲ ವಾರದ ಪುಟದಲ್ಲಿ ಹೀಗಿದೆ: ಪಂಪು ನಿಂತದ್ದು ಆರು ಸಲ. ಬಂದ ಫೋನು ನಲವತ್ತೊಂದು. ಅದರಲ್ಲಿ ನೀರು ಬಂದಿಲ್ಲ ಎಂದವು ಮೂವತ್ತೆಂಟು, ಬಂದ ನೀರು ರಸ್ತೆಯಲ್ಲೇ ಹರಿಯುತ್ತಿದೆ ಎಂದವು ಎರಡು. ಉಳಿದ ಒಂದು ಫೋನು ಮಂಡಕ್ಕಿ ಭಟ್ಟಿಗೆ ಹೋಗಬೇಕಾದದ್ದು.

ನನ್ನ ಹಿಂದಿನವರು ವರ್ಗವಾಗಿ ಹೋಗುವಾಗ ಹದಿನಾಲ್ಕು ಬೀಗದ ಕೈ ಕೊಟ್ಟರು. ಎಣಿಸಿ ನೋಡಿದರೆ ಬೀಗಗಳಿದ್ದವು ಹನ್ನೊಂದು. ಕೇಳಿದೆ.

"ಎಲ್ಲಾ ನಡಿಯಾಕತ್ತೈತೆ. ಏನೂ ಮುಟ್ಟಬ್ಯಾಡ್ರಿ," ಎಂದರು. "ಕೆಟ್ಟದ್ದು ಕೆಟ್ಟಂಗೇ ಇದ್ರ ಯಾರೂ ಕೇಳಲ್ಲ. ಮುಟ್ಟಿದ್ರ ನಿಮ್ಮ ಹೆಸರು ಬರ್ತೈತೆ."

ಊರಿನ ನೀರಿನ ಒಂದು ಪಾಲು ಹರಿಹರದ ಹೊಳೆಯಿಂದ ಬರುತ್ತಿತ್ತು. ಹೊಳೆಯ ದಂಡೆಯ ಪಂಪ್‌ಹೌಸಿನಲ್ಲಿ ಎರಡು ಮೋಟಾರು, ಒಂದು ಪ್ಯಾನೆಲ್ಲು, ಗಂಟೆಗೆಷ್ಟು ಘನ ಮೀಟರ್ ನೀರು ಹೋಗುತ್ತಿದೆ ಎಂದು ತೋರಿಸುವ ಗಡಿಯಾರದಂಥ ಮೀಟರು. ಹಗಲು ಪಾಳಿಯ ಆಪರೇಟರು ಭಾನುವಳ್ಳಿಯವನು. ಬೆಳಗಿನ ಮೊದಲ ಬಸ್ಸಿಗೆ ಬಂದು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ಕುರ್ಚಿಯ ಧೂಳು ಒರೆಸಿ ಕೂಡುತ್ತಿದ್ದ. ಹನ್ನೊಂದು ವರ್ಷದಿಂದ ದಿನಗೂಲಿ. ಕಾಯಂ ಮಾಡುವ ಕಡತ ನಮ್ಮ ಕಚೇರಿಯಲ್ಲೇ ಇತ್ತು. ಇನ್ನು ಐದು ತಿಂಗಳಲ್ಲಿ ಅವನಿಗೆ ನಲವತ್ತೈದು ತುಂಬುತ್ತಿತ್ತು. ತುಂಬಿದ ಮೇಲೆ ಕಾಯಂ ಇಲ್ಲ ಎಂಬುದು ನಿಯಮ. ಇದನ್ನು ಅವನು ಮೊದಲ ಭೇಟಿಯಲ್ಲೇ, ನೀರು ಕೊಡುವ ಮುಂಚೆಯೇ ಹೇಳಿದ.

ಅವನ ರಿಜಿಸ್ಟರು ನೋಡಿ ನಾನು ಮರುಳಾದೆ. ಗಂಟೆಗೊಂದು ರೀಡಿಂಗು, ಮುತ್ತಿನಂಥ ಅಕ್ಷರ, ಒಂದೂ ತಿದ್ದಿಲ್ಲ. ೬೩೨, ೬೩೮, ೬೨೫. ದಿನಚರಿಯಲ್ಲಿ ಮೆಚ್ಚಿ ಎರಡು ಸಾಲು ಬರೆದುಕೊಂಡೆ. ಹನ್ನೊಂದೂಕಾಲಿಗೆ ಕರೆಂಟು ಹೋಯಿತು. ಮೋಟಾರುಗಳು ನಿಂತು, ಹೊಳೆಯ ಮೇಲಿನ ಹಕ್ಕಿಗಳ ಸದ್ದು ಕೇಳತೊಡಗಿತು. ಮೀಟರಿನ ಮುಳ್ಳು ಮಾತ್ರ ೬೪೦ರ ಮೇಲೆ ಅಲುಗದೆ ನಿಂತಿತ್ತು.

"ಪಂಪು ನಿಂತೈತೆ, ನೀರು ಹೋಗ್ತಾನೇ ಐತಲ್ಲ?" ಎಂದೆ.

"ಅದಕ್ಕ ರೂಢಿ ಆಗೈತ್ರಿ," ಎಂದ.

ಹಿಂದಿನ ವರ್ಷದ ಆಯುಧಪೂಜೆಯಲ್ಲಿ ಮೋಟಾರು, ಪಾನಾ, ಏಣಿ, ಸೈಕಲ್ಲು ಎಲ್ಲವನ್ನೂ ತೊಳೆದಿದ್ದರಂತೆ. ಮೀಟರಿನ ಮುಚ್ಚಳ ಬಿಚ್ಚಿ ಅದಕ್ಕೂ ಒಂದು ಬಕೆಟ್ ಹಾಕಿದರಂತೆ.

"ಒಳಗ್ಯಾಕ ಹಾಕಿದ್ರಿ?"

"ಎಲ್ಲಾರಿಗೂ ಜಳಕ ಮಾಡ್ಸಿ ಇದೊಂದನ್ನ ಮೈಲಿಗ್ಯಾಗ ಬಿಡಾಕಾಗ್ತೈತೇನ್ರಿ?"

"ಮತ್ತೆ ಈ ರೀಡಿಂಗು?"

"ಅಂದಾಜು ಸಾರ್."

ಅವನ ಅಂದಾಜಿಗೂ ಒಂದು ಪದ್ಧತಿ ಇತ್ತು. ಮೋಟಾರು ಎಳೆಯುವ ಕರೆಂಟಿನ ಆಂಪ್ಸ್ ನೋಡುವುದು, ಹೊಳೆಯ ಮೆಟ್ಟಿಲು ಎಷ್ಟು ಮುಳುಗಿವೆ ಎಂದು ಎಣಿಸುವುದು, ಕೊನೆಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಪೈಪಿಗೆ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುವುದು. ಆಮೇಲೆ ಬರೆಯುವುದು. ಮುಳ್ಳು ತೋರಿಸುವ ೬೪೦ನ್ನೇ ಬರೆದರೆ ಕೆಲಸ ಸಲೀಸಲ್ಲವೇ ಎಂದು ಕೇಳಿದೆ.

"ಒಂದೇ ಸಮ ಬರದ್ರ ಆಫೀಸ್ನ್ಯಾಗ ಮೀಟರ್ ಕೆಟ್ಟೈತೆ ಅಂತ ತಿಳ್ಕಂತಾರ್ರಿ."

ನಾನು ಶಿಸ್ತಿನ ಮನುಷ್ಯ. ಅಂದಿನ ಷರಾ ಕಾಲಮಿನಲ್ಲಿ "ಮೀಟರ್ ಕೆಟ್ಟಿದೆ, ರೀಡಿಂಗ್ ಅಂದಾಜು" ಎಂದು ಬರೆದು ಸಹಿ ಹಾಕಿದೆ. ಸಹಿ ಒಣಗುವವರೆಗೂ ಅವನು ಅದನ್ನೇ ನೋಡುತ್ತಿದ್ದ. "ಹನ್ನೊಂದು ವರ್ಷದಾಗ ಆ ಕಾಲಮಿಗೆ ಯಾರೂ ಕೈ ಹಚ್ಚಿದ್ದಿಲ್ರಿ," ಎಂದ.

ಒಂಬತ್ತನೆಯ ದಿನ ಕಚೇರಿಯಿಂದ ಪತ್ರ ಬಂತು: ತಾವು ನಮೂದಿಸಿರುವ ಅಂದಾಜನ್ನು ಮೂರು ಪ್ರತಿಗಳಲ್ಲಿ ಕಳುಹಿಸುವುದು. ಕಚೇರಿಯಲ್ಲಿ ಅಂದಾಜು ಎಂದರೆ ಒಂದೇ, ದುರಸ್ತಿಯ ಖರ್ಚಿನ ಪಟ್ಟಿ. ಇದೂ ಒಳ್ಳೆಯದೇ ಎಂದುಕೊಂಡು ಹೊಸ ಮೀಟರಿಗೆ ಪಟ್ಟಿ ಮಾಡಿ ಕಳುಹಿಸಿದೆ. ಹದಿನೇಳು ದಿನಕ್ಕೆ ಎರಡನೆಯ ಪತ್ರ ಬಂತು: ರಿಜಿಸ್ಟರಿನ ಪ್ರಕಾರ ಮೀಟರು ಪ್ರತಿ ಗಂಟೆ ರೀಡಿಂಗ್ ಕೊಡುತ್ತಿದೆ. ಕೆಟ್ಟಿದ್ದೇ ನಿಜವಾದರೆ ಸುಳ್ಳು ರೀಡಿಂಗಿಗೆ ಯಾರು ಹೊಣೆ? ಹೊಣೆಗಾರನ ಹೆಸರು ತಿಳಿಸುವುದು.

ಪತ್ರದ ಮೇಲೆ ಸಹಿ ಮಾಡಿಸಿದ ಗುಮಾಸ್ತರ ಬಳಿಗೆ ಹೋದೆ. ಕಾಯಂ ಮಾಡುವ ಕಡತವೂ ಅವರದೇ ಮೇಜಿನ ಮೇಲಿತ್ತು.

"ಹೆಸರು ಕೊಟ್ರ ಅವ್ನ ಕಡತ ಇವತ್ತೇ ಕಟ್ಟಿಡ್ತೀನಿ," ಎಂದರು. "ಕೊಡ್ಲಿಲ್ಲ ಅಂದ್ರ ನಿಮ್ಮದು ಬಿಚ್ಚಬೇಕಾಗ್ತೈತೆ. ಚಾ ಕುಡೀತೀರೇನು?"

ಚಾ ಕುಡಿದು ಬಂದೆ. ಅವನು ಬರೆದದ್ದು ಸುಳ್ಳು ಹೌದೋ ಅಲ್ಲವೋ ಎಂದು ಮೊದಲು ತಿಳಿಯಬೇಕಿತ್ತು. ಹದಿನಾಲ್ಕು ದಿನ ಪರೀಕ್ಷೆ ಮಾಡಿದೆ. ಹರಿಹರದ ನೀರು ಬಂದು ಬೀಳುವ ದಾವಣಗೆರೆಯ ತೊಟ್ಟಿಯಲ್ಲಿ, ಮಧ್ಯಾಹ್ನ ಊರಿಗೆ ಬಿಡುವ ವಾಲ್ವ್ ಮುಚ್ಚಿಸಿ, ಒಂದು ಗಂಟೆಯಲ್ಲಿ ನೀರು ಎಷ್ಟು ಏರಿತೆಂದು ಟೇಪು ಬಿಟ್ಟು ಅಳೆದೆ. ಅದೇ ಗಂಟೆಗೆ ಅವನು ಬರೆದದ್ದನ್ನು ಫೋನಿನಲ್ಲಿ ಕೇಳಿ ಪಕ್ಕದಲ್ಲಿ ಬರೆದುಕೊಂಡೆ. ಹದಿನಾಲ್ಕರಲ್ಲಿ ಹನ್ನೆರಡು ದಿನ ಅವನ ಲೆಕ್ಕ ನನ್ನದಕ್ಕಿಂತ ಹತ್ತೋ ಹನ್ನೆರಡೋ ಹೆಚ್ಚು, ಅಷ್ಟೇ. ಉಳಿದ ಎರಡು ದಿನ ಟೇಪು ಓದುವಾಗ ನಾನೇ ತಪ್ಪಿದ್ದೆ.

"ನಿಮ್ಮದು ಯಾವಾಗ್ಲೂ ಹತ್ತು ಹೆಚ್ಚು ಬರ್ತದಲ್ಲ?" ಎಂದು ಫೋನಿನಲ್ಲಿ ಕೇಳಿದೆ.

"ದಾರಿಯಾಗ ಏರ್‌ವಾಲ್ವ್ ಸೋರ್ತೈತಲ್ರಿ, ಅಲ್ಲಿ ಬಟ್ಟಿ ಒಗೀತಾರ. ಅವ್ರ ಪಾಲು."

ಬಸ್ಸು ಹತ್ತಿ ಹೋಗಿ ನೋಡಿದೆ. ಎರಡು ಕಡೆ ಒಗೆಯುತ್ತಿದ್ದರು. ಒಂದು ಕಡೆ ಎಮ್ಮೆಗೂ ಸ್ನಾನ ನಡೆದಿತ್ತು.

ಉತ್ತರದಲ್ಲಿ ಪಟ್ಟಿ ಲಗತ್ತಿಸಿ, ಸದರಿ ಆಪರೇಟರು ರೀಡಿಂಗ್ ತೆಗೆಯುವುದರಲ್ಲಿ ಅತ್ಯಂತ ನಿಖರನೆಂದು ಪರೀಕ್ಷಿಸಿ ಪ್ರಮಾಣೀಕರಿಸಿದೆ ಎಂದು ಬರೆದೆ. ಸುಳ್ಳಿಲ್ಲ, ಹೊಣೆಗಾರನೂ ಇಲ್ಲ ಎಂಬುದು ನನ್ನ ವಾದ. ಇಂಥ ಉತ್ತರ ಹಿಂದೆಂದೂ ಬಂದಿರಲಿಲ್ಲವಾದ್ದರಿಂದ ಮೇಲಿನ ಸಾಹೇಬರು ಖುದ್ದಾಗಿ ಜೀಪಿನಲ್ಲಿ ಹರಿಹರಕ್ಕೆ ಬಂದರು.

ಆಪರೇಟರು ಇಸ್ತ್ರಿ ಅಂಗಿ ಹಾಕಿ, ಸ್ಕ್ರೂಡ್ರೈವರನ್ನು ಎರಡು ಕೈಯಲ್ಲಿ ಹಿಡಿದು ನಿಂತಿದ್ದ. ಕೇಳಿಸಿಕೊಂಡು "ಆರ್ನೂರಾ ಹದಿನೆಂಟು" ಎಂದ. ಸಾಹೇಬರು ತಾವೂ ಕಿವಿ ಇಟ್ಟರು.

"ನನಗೇನೂ ಕೇಳಿಸ್ತಿಲ್ವಲ್ಲಯ್ಯ?"

"ನಿಮ್ಗ ಅದ್ರ ಅವಶ್ಯಕತೆ ಇಲ್ಲ ಬಿಡ್ರಿ ಸಾಹೇಬ್ರ. ನಿಮ್ಗ ಕಡತದಾಗ ಬರ್ತೈತೆ."

ಜೀಪಿನ ಡ್ರೈವರು ಆಚೆ ತಿರುಗಿ ಕೆಮ್ಮಿದ. ಸಾಹೇಬರು ಒಂದು ಕ್ಷಣ ತಡೆದು ನಕ್ಕರು. ನಾವೂ ಆಗ ನಕ್ಕೆವು. ಅಲ್ಲಿಂದ ದಾವಣಗೆರೆಗೆ ಫೋನು ಮಾಡಿಸಿ ತೊಟ್ಟಿ ಅಳೆಸಿದರು. ಒಂದು ಗಂಟೆ ಕಾದೆವು. ಬಂದ ಉತ್ತರ ೬೦೭. ಸಾಹೇಬರು ಬಟ್ಟೆ ಒಗೆಯುವವರ ವಿಷಯ ಕೇಳಲಿಲ್ಲ, ನಾವೂ ಹೇಳಲಿಲ್ಲ. ಆಪರೇಟರನ ಬೆನ್ನು ತಟ್ಟಿ ಜೀಪು ಹತ್ತಿದರು. ಅವನು ಆ ಬೆನ್ನನ್ನು ಸಂಜೆಯವರೆಗೂ ಗೋಡೆಗೆ ತಾಕಿಸಲಿಲ್ಲ.

ಮುಂದಿನ ತಿಂಗಳು ಎರಡು ಆದೇಶ ಒಂದೇ ಲಕೋಟೆಯಲ್ಲಿ ಬಂದವು. ಮೊದಲನೆಯದು: ಆಪರೇಟರ ರೀಡಿಂಗ್ ನಿಖರವೆಂದು ಸಂಬಂಧಪಟ್ಟ ಎಂಜಿನಿಯರರೇ ಪ್ರಮಾಣೀಕರಿಸಿರುವುದರಿಂದ ಹೊಸ ಮೀಟರಿನ ಅಗತ್ಯ ಕಂಡುಬರುವುದಿಲ್ಲ, ಅಂದಾಜು ತಿರಸ್ಕೃತ. ಎರಡನೆಯದು: ಅದೇ ಪ್ರಮಾಣಪತ್ರದ ಆಧಾರದ ಮೇಲೆ ಸದರಿಯವರನ್ನು, ಆಪರೇಟರ್ ಹುದ್ದೆ ಖಾಲಿ ಇಲ್ಲದ ಕಾರಣ, ಖಾಲಿ ಇರುವ ಮೀಟರ್ ರೀಡರ್ ಹುದ್ದೆಯಲ್ಲಿ ಕಾಯಂಗೊಳಿಸಿದೆ. ಸ್ಥಳ, ದಾವಣಗೆರೆ ನಗರ. ಕೆಲಸ, ಮನೆಮನೆಯ ನಲ್ಲಿ ಮೀಟರ್ ಓದುವುದು. ಹರಿಹರದಿಂದ ಕೂಡಲೇ ಬಿಡುಗಡೆ.

ಗುಮಾಸ್ತರಲ್ಲಿಗೆ ಓಡಿದೆ. ಅವನನ್ನು ಹರಿಹರದಲ್ಲೇ ಇಡಲು ಬರುವುದಿಲ್ಲವೇ ಎಂದು ಕೇಳಿದೆ.

"ಬರ್ತೈತೆ, ದಿನಗೂಲಿಯಾಗಿ," ಎಂದರು. "ಒಂದು ಅರ್ಜಿ ಕೊಡ್ರಿ, ಆದೇಶ ವಾಪಸ್ ತಗಂತೀವಿ. ಅವನಿಗೆ ನಲವತ್ತೈದು ತುಂಬಾಕ ಇನ್ನ ಎಷ್ಟ್ ದಿನ ಐತೆ?"

ದಿನಚರಿಯಲ್ಲಿ ಎಣಿಸಿಟ್ಟಿದ್ದೆ. ಐವತ್ತಮೂರು ದಿನ. ಅರ್ಜಿ ಕೊಡಲಿಲ್ಲ.

ಆದೇಶ ಹಿಡಿದು ಹರಿಹರಕ್ಕೆ ಹೋದೆ. ಆಪರೇಟರು ಅದನ್ನು ನನ್ನಿಂದ ಎರಡು ಸಲ ಓದಿಸಿದ. ಮೊದಲನೆಯ ಸಲ ಹೆಸರಿಗಾಗಿ, ಎರಡನೆಯ ಸಲ ಕಾಯಂ ಎಂಬ ಮಾತಿಗಾಗಿ. "ಪಿಂಚಣಿ ಬರ್ತೈತಾ?" ಎಂದ. ಬರುತ್ತದೆ ಎಂದೆ. ನಂತರ ಪಂಪಿನ ಕಡೆಗೊಮ್ಮೆ, ಹೊಳೆಯ ಕಡೆಗೊಮ್ಮೆ ನೋಡಿ, "ಊರಾಗಿನ ನಲ್ಲಿ ಮೀಟರ್ ನಡೀತಾವೇನ್ರಿ?" ಎಂದು ಕೇಳಿದ.

"ಅರ್ಧ ಕೆಟ್ಟಿವೆ."

"ಹಂಗಾದ್ರ ಅನುಭವ ಐತೆ ಬಿಡ್ರಿ."

ಪೇಡೆ ಕೊಟ್ಟು, ಮಧ್ಯಾಹ್ನ ಮೂರೂವರೆಯ ಬಸ್ಸಿಗೆ ಹೋದ. ಬದಲಿ ಆಪರೇಟರನ್ನು ಕಳುಹಿಸುವ ವಿಚಾರ ಆದೇಶದಲ್ಲಿ ಇರಲಿಲ್ಲ. ನಾಲ್ಕರ ರೀಡಿಂಗನ್ನು ನಾನೇ ತೆಗೆಯಬೇಕಾಯಿತು. ಆಂಪ್ಸ್ ನೋಡಿದೆ, ಮೆಟ್ಟಿಲು ಎಣಿಸಿದೆ, ಪೈಪಿಗೆ ಕಿವಿ ಕೊಟ್ಟೆ. ಒಳಗೆ ನೀರು ಹೋಗುತ್ತಿತ್ತು, ಅಷ್ಟು ಮಾತ್ರ ಗೊತ್ತಾಯಿತು. ಪೆನ್ನು ತೆರೆದು ಬಹಳ ಹೊತ್ತು ಕೂತು, ಆ ಗಂಟೆಯ ಜಾಗವನ್ನು ಖಾಲಿ ಬಿಟ್ಟೆ. ಐದರದ್ದನ್ನೂ ಬಿಟ್ಟೆ.

ಜಾಗ ಖಾಲಿ ಬಿಟ್ಟಿದ್ದೇಕೆ ಎಂದು ವಿವರಣೆ ಕೇಳುವ ಪತ್ರ ಎರಡೇ ದಿನಕ್ಕೆ ತಲುಪಿತು. ಆ ಕಚೇರಿಯಿಂದ ನನಗೆ ಅಷ್ಟು ಬೇಗ ಬಂದ ಪತ್ರ ಇನ್ನೊಂದಿಲ್ಲ.