ಖಾಲಿ ಶೆಲ್ಲಿನಲ್ಲಿ ಬಳೆ ಸದ್ದು

ನಂಬಿದರೆ ನಂಬಿ, ಬಿಟ್ಟರೆ ಬಿಡಿ... ಇದು ದೊಡ್ಡಗಾಜನೂರಿನ ನಮ್ಮ ಮನೆಯಲ್ಲೇ ನಡೆದದ್ದು. ಕಟ್ಟುಕಥೆ ಹೇಳಿ ನನಗೇನೂ ಆಗಬೇಕಾಗಿಲ್ಲ.

ತಾಳವಾಡಿಯ ಶಾಲೆಯೊಂದು ಪುಟ್ಟ ಬೋರ್ಡ್ ಕಂಪ್ಯೂಟರುಗಳನ್ನು ತರಿಸಿತ್ತು. ಅವುಗಳನ್ನು ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರನ್ನು ಬೇರೆ ಕಂಪ್ಯೂಟರಿನಲ್ಲಿ ಮೂಲ ಕೋಡಿನಿಂದಲೇ ಕಟ್ಟಬೇಕು. ಕಟ್ಟಿಕೊಟ್ಟವರಿಗೆ ಲ್ಯಾಬ್ ಟೀಚರ್ ಕೆಲಸ. ಆ ಕೆಲಸ ನನಗೆ ಬೇಕಿತ್ತು. ನನ್ನ ನಾದಿನಿ ರತ್ನಳಿಗೂ ಬೇಕಿತ್ತು. ಮನೆಯಲ್ಲಿದ್ದದ್ದು ಒಂದೇ ಕಂಪ್ಯೂಟರು.

ಅವಳದು ಮೊದಲ ಸಲಕ್ಕೇ ಆಗಿಬಿಟ್ಟಿತು, ಶಾಲೆಗೆ ಒಪ್ಪಿಸುವುದೊಂದೇ ಬಾಕಿ. ನನ್ನದು ಪ್ರತಿ ಸಲವೂ ಅರ್ಧಕ್ಕೇ ಎರರ್! ಅತ್ತೆಯಂತೂ "ನಮ್ ರತ್ನ, ನಮ್ ರತ್ನ" ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬಂದರು. ಸುಳ್ಳೇಕೆ ಹೇಳಲಿ, ಹೊಟ್ಟೆ ಉರಿದುಹೋಯಿತು.

ಉಪಾಯ ಹೇಳಿಕೊಟ್ಟವಳೂ ಅವಳೇ. "ಒಸ ಯೂಸರ್ ಮಾಡ್ಕಳಿ ಅತ್ಗೆ. ಕಮಾಂಡ್ ಟೈಪ್ ಮಾಡೋ ಶೆಲ್ ಬರಿದಾಗಿರ್ಬೇಕು. ನಿಮ್ ಅಳೇ ಸೆಟಿಂಗ್ ಒಂದು ಒಳಿಕ್ ಬಂದ್ರೂ ಎಲ್ಲಾ ಕೆಟ್ಟೋಯ್ತದ."

"ಗೊತ್ತು ಬುಡವ್ವ," ಎಂದೆ. ಗೊತ್ತಿರಲಿಲ್ಲ.

ಅವತ್ತು ರಾತ್ರಿ ಯಜಮಾನರು ಬೆಳೆಗೆ ಆನೆ ನುಗ್ಗದಂತೆ ಕಾಯಲು ಹೊಲಕ್ಕೆ ಹೋಗಿದ್ದರು. ರತ್ನ, ಅತ್ತೆ ಇಬ್ಬರೂ ಗೆಟ್ಟವಾಡಿಯ ನೆಂಟರ ಮನೆಯಲ್ಲಿದ್ದರು. ಒಬ್ಬಳೇ ಕೂತು ಹೊಸ ಯೂಸರ್ ಮಾಡಿದೆ. ಅದಕ್ಕೆ ರತ್ನ ಕಟ್ಟಿದ್ದೆಲ್ಲ ಇದ್ದ ಅವಳ ಫೋಲ್ಡರ್ ಮುಟ್ಟುವ ಪರ್ಮಿಶನ್ ಕೂಡ ಇಲ್ಲ. ಹಳೇ ಸೆಟಿಂಗೆಲ್ಲ ಹೊರಗಿಟ್ಟು ಖಾಲಿ ಶೆಲ್ ತೆರೆದೆ. ದೂರದ ಹೊಲದಲ್ಲಿ ಪಟಾಕಿ ಸಿಡಿಯಿತು, ಆಮೇಲೆ ಸದ್ದೇ ಇಲ್ಲ...

ಕೈ ಸುಮ್ಮನಿರದೆ ಮೇಲ್ಬಾಣದ ಕೀ ಒತ್ತಿದೆ. ಹಿಂದೆ ಟೈಪ್ ಮಾಡಿದ್ದನ್ನು ತೋರಿಸುವ ಕೀ ಅದು. ಆಗತಾನೇ ಹುಟ್ಟಿದ ಯೂಸರಿಗೆ ಹಿಂದಿನದು ಎಲ್ಲಿಂದ ಬರಬೇಕು?

ಬಂತು! ರತ್ನಳ ಫೋಲ್ಡರನ್ನು ಪೂರ್ತಿ ಅಳಿಸುವ ಕಮಾಂಡ್...

ಬೆಚ್ಚಿಬಿದ್ದು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡೆ. ಬೆನ್ನ ಹಿಂದಿನಿಂದ ಹರಳೆಣ್ಣೆ ವಾಸನೆ ಬಂತು. ಮನೆಯಲ್ಲಿ ಹರಳೆಣ್ಣೆ ಹಚ್ಚುವವಳು ನಾನೊಬ್ಬಳೇ, ಅವತ್ತು ಹಚ್ಚಿರಲಿಲ್ಲ. ಕಿವಿಯ ಪಕ್ಕದಲ್ಲೇ ಗಾಜಿನ ಬಳೆ ಸದ್ದಾಯಿತು. ನನ್ನ ಬಳೆಗಳು ಅಲುಗಿರಲಿಲ್ಲ.

ಟಕ್... ಎಂಟರ್ ಕೀ ತಾನಾಗಿ ಒಳಗೆ ಹೋಯಿತು.

"ಅಯ್ಯೋ ಮಾದಪ್ಪಾ!" ಎಂದು ಕೂಗಿ ವೈರನ್ನೇ ಕಿತ್ತೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ಬೆಳಿಗ್ಗೆ ರತ್ನ ಬಂದು ಕಂಪ್ಯೂಟರ್ ಹಾಕಿದಳು. "ಅತ್ಗೆ, ನನ್ ಫೋಲ್ಡರೇ ಇಲ್ವಲ್ಲ..." ಎಂದು ಗೊಳೋ ಎಂದು ಅತ್ತಳು. ಅವಳು ಮತ್ತೆ ಮೊದಲಿಂದ ಶುರು ಮಾಡುವಷ್ಟರಲ್ಲಿ ಆ ಖಾಲಿ ಶೆಲ್ಲಿನಲ್ಲಿ ನನ್ನದು ಒಂದೂ ಎರರ್ ಇಲ್ಲದೆ ಮುಗಿದಿತ್ತು.

ಈಗ ಲ್ಯಾಬ್ ಟೀಚರ್ ನಾನೇ. "ನೀವೇ ಅಳಿಸಿದ್ರಾ ಅತ್ಗೆ?" ಎಂದು ರತ್ನ ಇವತ್ತಿಗೂ ಕೇಳಿಲ್ಲ. ಕೇಳಿದರೆ ಏನು ಹೇಳಲಿ? ಕೀ ಒತ್ತಿದ್ದು ನಾನಲ್ಲ, ದೇವರಾಣೆ. ಆದರೆ ಅವಳು ಅಳುತ್ತಿದ್ದಾಗ ಒಳಗೊಳಗೇ ಖುಷಿಪಟ್ಟವಳು ನಾನೇ...