ಕುರಿಯ ಹಲ್ಲು ನೋಡುವ ನನ್ನ ಗಂಡನಿಗೆ

ನಿಮ್ಮ ಬಾಯಿ ವಾಸನೆ ಬರುತ್ತಿತ್ತು. ಅದಕ್ಕೇ ನಾನು ಚಾಪೆಯನ್ನು ದೂರ ಹಾಸಿಕೊಂಡೆ. ಮಗಳಿಗೆ ಪರೀಕ್ಷೆ ಇದೆ, ಅವಳ ಜೊತೆ ಮಲಗುತ್ತೇನೆ ಎಂದಿದ್ದು ಸುಳ್ಳು. ಆ ಸುಳ್ಳಿಗೆ ಈಗ ಏಳು ವರ್ಷ. ಮಗಳು ಮದುವೆಯಾಗಿ ಕೊರಟಗೆರೆಗೆ ಹೋದಳು — ನನ್ನ ಚಾಪೆ ಮಾತ್ರ ಇನ್ನೂ ಅವಳ ಕೋಣೆಯಲ್ಲೇ ಇದೆ.

ನಿಮ್ಮ ಒಸಡಿನ ರಕ್ತವನ್ನು ಮೊದಲು ಕಂಡವಳೂ ನಾನೇ. ಬಚ್ಚಲ ಕಲ್ಲಿನ ಮೇಲೆ ನೀವು ಉಗುಳಿದ ನೀರು ಕೆಂಪಗಿತ್ತು. ಎಲೆಅಡಿಕೆಯ ಕೆಂಪಿರಬೇಕು ಅಂದುಕೊಂಡೆ... ಎದ್ದ ಕೂಡಲೇ ಯಾರು ಎಲೆಅಡಿಕೆ ಹಾಕುತ್ತಾರೆ? ಅದು ರಕ್ತವೆಂದು ನನಗೆ ಗೊತ್ತಿತ್ತು. ಉಜ್ಜಿದರೆ ರಕ್ತ ಬರುತ್ತದೆಂದು ನೀವು ಹಲ್ಲುಜ್ಜುವುದನ್ನೇ ಬಿಟ್ಟಿರಿ. ಬಾಯಿ ಮುಕ್ಕಳಿಸಿ, ದವಡೆಗೆ ಹೊಗೆಸೊಪ್ಪು ಒತ್ತಿಕೊಂಡು ಕುರಿ ಹೊಡೆದುಕೊಂಡು ಹೋಗುತ್ತಿದ್ದಿರಿ. ರಕ್ತ ಬಂದರೆ ಉಜ್ಜುವುದನ್ನು ನಿಲ್ಲಿಸಬಾರದು, ಮೆತ್ತಗೆ ಉಜ್ಜಬೇಕು, ಬೇಗ ಡಾಕ್ಟರಿಗೆ ತೋರಿಸಬೇಕು — ಅಂಗನವಾಡಿಯಲ್ಲಿ ತಾಯಂದಿರನ್ನು ಕೂರಿಸಿ ಇದನ್ನೇ ಹೇಳುವ ಟೀಚರ್ ನಾನು. ಊರ ಮಕ್ಕಳ ಬಾಯಿ ತೆರೆಸಿ ನೋಡಿದವಳು ನಿಮ್ಮಿಂದ ಮುಖ ತಿರುಗಿಸಿದೆ.

ಹೇಳಿದರೆ ನಿಮಗೆ ನೋವಾಗುತ್ತದೆ ಎಂದು ಸುಮ್ಮನಿದ್ದೆ — ಇಲ್ಲ, ಅದೂ ಪೂರ್ತಿ ನಿಜವಲ್ಲ. ನನಗೆ ಅಸಹ್ಯವಾಗಿತ್ತು. ಕಟ್ಟಿಕೊಂಡ ಗಂಡನ ಮೇಲೆ ಅಸಹ್ಯಪಟ್ಟೆನಲ್ಲ ಎಂದು ನಾಚಿಕೆಯೂ ಆಗಿತ್ತು.

ಬಡವನಹಳ್ಳಿ ಸಂತೆಯಲ್ಲಿ ಕುರಿಯ ತುಟಿ ಎತ್ತಿ ಹಲ್ಲು ನೋಡಿ ಅದರ ವಯಸ್ಸು ಹೇಳುವವರು ನೀವು. ನಿಮ್ಮ ಮುಂದಿನ ಹಲ್ಲು ಅಲುಗಾಡಿದಾಗ ನಿಮಗೂ ಅದೇ ಅಳತೆ ಹಿಡಿದಿರಿ. ಆಗ ನಿಮಗಿನ್ನೂ ನಲವತ್ತೈದು. ಒಂದು ಬೆಳಗ್ಗೆ ಜಗುಲಿಯ ಮೇಲೆ ಕೂತು, ನಗುನಗುತ್ತಲೇ ಕೇಳಿದಿರಿ:

"ಹಲ್ಲು ಸಡ್ಲಾದ್ರೆ ಕುರಿ ಮುದಿಯಾಯ್ತು ಅಂತ ಕಣೆ. ನಂಗೂ ಅಂಗೇ ಆಗ್ಬುಡ್ತು. ಅದಕ್ಕೇಯಾ ನೀನು ಅತ್ಲಾಗೆ ಮಲಗೋದು?"

"ವಯಸ್ಸಾದ್ಮೇಲೆ ಇನ್ನೇನು, ಬುಡಿ," ಅಂದೆ.

ನಿಮ್ಮ ನಗು ಅಲ್ಲಿಗೇ ನಿಂತಿತು. ಮರುದಿನ ನಿಮ್ಮ ಕಂಬಳಿ ಕುರಿ ಕೂಡಿಹಾಕುವ ರೊಪ್ಪದ ಪಕ್ಕದ ಚಪ್ಪರಕ್ಕೆ ಹೋಯಿತು. ನಾನು ತಡೆಯಲಿಲ್ಲ.

ಮೂರು ಹಲ್ಲು ಬಿದ್ದು, ದವಡೆ ಊದಿಕೊಂಡ ಮೇಲಷ್ಟೇ ನಾವು ಮಧುಗಿರಿಗೆ ಹೋದದ್ದು. ಹಲ್ಲಿನ ಡಾಕ್ಟರಮ್ಮ ಕನ್ನಡಿ ಹಿಡಿದು ತೋರಿಸಿದರು. ಹಲ್ಲಿನ ಬುಡದಲ್ಲಿ ಕೊಳೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅದರಿಂದ ಒಸಡು ಕೆಟ್ಟು, ಒಳಗಿನ ಮೂಳೆಯೇ ಸವೆದಿತ್ತು. ಹೊಗೆಸೊಪ್ಪು ಅದನ್ನು ಇನ್ನಷ್ಟು ಕೆಡಿಸಿತ್ತು. "ಇದು ವಯಸ್ಸಿಂದಲ್ಲ, ಕಾಯಿಲೆ," ಎಂದರು. "ರಕ್ತ ಬಂದಾಗ್ಲೇ ಬಂದು ಕ್ಲೀನ್ ಮಾಡಿಸಿದ್ರೆ ಈ ಹಲ್ಲು ಉಳೀತಿದ್ವು. ಬಾಯಿ ವಾಸನೆ ಬರ್ತೈತೆ ಅಂತ ಮನೇಲಿ ಯಾರೂ ಹೇಳ್ಲಿಲ್ವಾ?"

ನೀವು ನನ್ನ ಕಡೆ ನೋಡಿದಿರಿ.

"ಇಲ್ಲ ಮೇಡಂ. ಇವ್ಳು ಊರ್ ಮಕ್ಳಿಗೆಲ್ಲ ಹಲ್ಲಿನ ಪಾಠ ಹೇಳ್ತಾಳೆ. ವಾಸನೆ ಇದ್ದಿದ್ರೆ ನಂಗೆ ಹೇಳ್ದೆ ಇರ್ತಿದ್ಲಾ?"

ನಾನು ಚೀಟಿ ಮಡಿಸುತ್ತಾ ಕೂತಿದ್ದೆ. ಆಗಲಾದರೂ...

ಆಮೇಲೆ ಡಾಕ್ಟರಮ್ಮ ಹೇಳಿದಷ್ಟು ಸಲ ನೀವು ಮಧುಗಿರಿಗೆ ಹೋದಿರಿ, ಬುಡದ ತನಕ ಕ್ಲೀನ್ ಮಾಡಿಸಿದಿರಿ, ಹೊಗೆಸೊಪ್ಪು ಬಿಟ್ಟಿರಿ. ಈಗ ಬೆಳಗ್ಗೆ ಸಂಜೆ ಮೆತ್ತನೆ ಬ್ರಷ್ಷಿನಲ್ಲಿ ನಿಧಾನಕ್ಕೆ ಉಜ್ಜುತ್ತೀರಿ. ರಕ್ತವಿಲ್ಲ, ವಾಸನೆಯಿಲ್ಲ. ಬಿದ್ದ ಹಲ್ಲು ಬರಲಿಲ್ಲ. ಮಾತಾಡುವಾಗ ಬಾಯಿಗೆ ಟವೆಲ್ ಅಡ್ಡ ಹಿಡಿಯುತ್ತೀರಿ, ಕಂಬಳಿ ಚಪ್ಪರದಲ್ಲೇ ಇದೆ.

ಮೊದಲೆಲ್ಲ ಶಿರಾ ಸಂತೆಯಿಂದ ಬಂದವರೇ ವ್ಯಾಪಾರಿಗಳ ಉರ್ದು ಅಣಕಿಸಿ ನನ್ನ ಕಿವಿಯ ಹತ್ತಿರ ಪಿಸುಗುಟ್ಟಿ ನಗಿಸುತ್ತಿದ್ದಿರಿ. ನನಗೆ ಅದು ಬೇಕು. ಕೇಳುವ ಹಕ್ಕನ್ನು ನಾನೇ ಕಳೆದುಕೊಂಡಿದ್ದೇನೆ, ಆದರೂ ಬೇಕು.

ನಿಮಗೆ ವಯಸ್ಸಾಗಿರಲಿಲ್ಲ. ನನಗೆ ಎಲ್ಲ ಗೊತ್ತಿತ್ತು, ಹೇಳಲಿಲ್ಲ. ಇಂದು ಸಂಜೆ ನೀವು ಕುರಿಗಳನ್ನು ರೊಪ್ಪಕ್ಕೆ ಕೂಡಿದ ಮೇಲೆ ಚಪ್ಪರಕ್ಕೆ ಬಂದು ಈ ಕಾಗದವನ್ನು ಓದಿ ಹೇಳುತ್ತೇನೆ. ಕೇಳಿದ ಮೇಲೆ ಕಂಬಳಿ ಒಳಗೆ ತರುವುದೂ ಬಿಡುವುದೂ ನಿಮಗೆ ಸೇರಿದ್ದು. ಓದುವಾಗ ನಾನು ನಿಮ್ಮ ಹತ್ತಿರವೇ ಕೂರುತ್ತೇನೆ, ಮುಖ ತಿರುಗಿಸುವುದಿಲ್ಲ.